ಸಿನಿಮಾದ ದೆವ್ವ ಯಾರೆಂದು ತಿಳಿದ ದಿನ

ಹದಿನೆಂಟು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟು ಬಂದ ಸಿನಿಮಾದಲ್ಲಿ ದೆವ್ವ ಯಾರೆಂದು ನನಗೆ ಕಡೆಗೂ ಗೊತ್ತಾಯಿತು!

ದೆವ್ವದ ಸಿನಿಮಾ ಎಂದರೆ ನನಗೆ ಪ್ರಾಣ. ಆದರೆ ಕಲಬುರಗಿಯ ಟಾಕೀಜಿನಲ್ಲಿ ಆಟ ಮುಗಿಯುವ ಮೊದಲೇ, ನಮ್ಮೂರು ಕಮಲಾಪುರದ ಕಡೇ ಬಸ್ಸು ತಪ್ಪೀತೆಂದು ಯಜಮಾನರು ಎಬ್ಬಿಸುತ್ತಿದ್ದರು. ಟಾಕೀಜಿನ ಬಾಗಿಲಲ್ಲಿ ಮಾರುವ, ಕಥೆಯ ಸಾರವೂ ಇರುವ ಹಾಡಿನ ಪುಸ್ತಕ ಕೊಂಡು ಅಕ್ಷರ ಕೂಡಿಸಿ ಓದಿದರೆ, ಅದರಲ್ಲೂ ಕಥೆ ಅರ್ಧಕ್ಕೇ ನಿಂತು, ಮುಂದಿನದನ್ನು ಪರದೆಯ ಮೇಲೆ ನೋಡಿ ಎಂದಿರುತ್ತಿತ್ತು. ಅಂಥ ಪುಸ್ತಕಗಳನ್ನು ಟ್ರಂಕಿನ ತುಂಬ ಕೂಡಿಟ್ಟಿದ್ದೇನೆ.

ಮೊನ್ನೆ ಭಾನುವಾರ ಮೊಮ್ಮಗಳು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಹುಡುಕಿ ಆ ಸಿನಿಮಾದ ಕ್ಯಾಸೆಟ್ ತಂದಳು, ಜೊತೆಗೆ ಬಾಡಿಗೆಯ ವಿಸಿಆರ್. ದೆವ್ವ ಮುಸುಕು ತೆಗೆಯುವ ಹೊತ್ತಿಗೆ ನಾನು ಹಳೇ ರೂಢಿಯಂತೆ ಸೆರಗು ಸರಿಮಾಡಿಕೊಂಡು ಎದ್ದೇ ಬಿಟ್ಟೆ!

ಯಜಮಾನರು ಕೈ ಹಿಡಿದು ಕೂರಿಸಿದರು. "ಏ, ಕುಂದ್ರು! ಇವತ್ತ ಯಾ ಬಸ್ ಹಿಡೀಬೇಕಾಗ್ಯದ ನಿನಗ?"

ನನ್ನ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ನೋಡಿದರೆ, ದೆವ್ವವಾಗಿದ್ದವಳು ನಾಯಕಿಯ ಅತ್ತೆ!

"ನನಗ ಮೊದ್ಲೇ ಗೊತ್ತಿತ್ರಿ, ಅತ್ತಿ," ಎಂದು ಸೊಸೆ ಕಿಸಕ್ಕನೆ ನಕ್ಕಳು.

ಆ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಲು ಕುಳಿತಾಗ ನಾನು ಇಡೀ ಕಥೆಯನ್ನು ಮೊದಲಿನಿಂದ ಹೇಳಿದೆ. ಎಲ್ಲರೂ ಆಗಷ್ಟೇ ನೋಡಿದ್ದರು. ಆದರೂ ರೊಟ್ಟಿಯ ತುತ್ತು ಕೈಯಲ್ಲೇ ಹಿಡಿದು, ಕೊನೆಯವರೆಗೂ ಕೇಳಿದರು.