ಗ್ಯಾರಂಟಿ ಕೊಟ್ಟವನಿಗೆ ಹಾಸಿದ ಚಾಪೆ

ಕೇಳಿ ಮಾರಾಯ್ರೆ, ಹೊಳೆಗೆ ಕಟ್ಟುತ್ತಿರುವ ಅಣೆಕಟ್ಟಿನ ಸರ್ವೆಯವರು ಇವತ್ತು ಸಾಗರದಿಂದ ಜೀಪಿನಲ್ಲಿ ನಮ್ಮ ಮನೆಗೆ ಬಂದಿದ್ದರು. ಅವರ ಸಾಹೇಬನಿಗೆ ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ಗದ್ದೆಯಂಚಿನ ಕಲ್ಲಿಗೆ ಕೆಂಪು ಬಣ್ಣ ಬಳಿಸಿ, "ನೀರು ಇಲ್ಲಿಗೇ ನಿಲ್ಲುತ್ತೆ ಅಮ್ಮ. ಮನೆಗೆ ಬರಲ್ಲ, ಗ್ಯಾರಂಟಿ" ಎಂದ.

ಹೈಸ್ಕೂಲು ಓದಿದವಳು ನಾನು, ಅರ್ಥ ಗೊತ್ತು. ಆದರೂ ಕೇಳಿದೆ, "ಗ್ಯಾರಂಟಿ ಅಂದ್ರೆ ಎಂಥದು ತಮ್ಮ?"

"ಖಂಡಿತ ಅಂತ, ಅಮ್ಮ."

"ಖಂಡಿತ ಅಂತ ಯಾರು ಬೇಕಾದ್ರೂ ಹೇಳ್ಬಹುದು. ನಮ್ಮಲ್ಲಿ ಅದಕ್ಕೆ ಹೊಣೆ ಅಂತೀವಿ. ಹೊಣೆ ಹೊತ್ತವನು ಮಾತು ನಿಜ ಆಗೋ ತನಕ ಜೊತೆಗೇ ಇರ್ಬೇಕು. ಈ ಮಳೆಗಾಲ ಪೂರ್ತಿ ನಮ್ಮ ಜಗಲಿಯಲ್ಲೇ ಮಲಗು. ಊಟ ತಿಂಡಿ ನಂದು."

ತಮಾಷೆ ಅಂದುಕೊಂಡು ನಕ್ಕ. ನಾನು ಒಳಗಿನಿಂದ ಚಾಪೆ ತಂದು ಹಾಸಿದೆ. ನಗು ನಿಂತಿತು.

ಕಾಫಿ ಕುಡಿಯುತ್ತಾ ಅವನು ಹೊಳೆಯನ್ನೇ ನೋಡಿದ. ನಾನೂ ನೋಡಿದೆ. ಬಿಸಿಲಿಗೆ ನಿದ್ದೆಹೋದ ಹಾಗಿದ್ದ ಹೊಳೆ ಮೆಲ್ಲಗೆ ಎದ್ದು, ಗದ್ದೆ ದಾಟಿ, ಮೆಟ್ಟಿಲು ಹತ್ತಿ, ನೆಂಟರ ಹಾಗೆ ಒಳಗೆ ಬಂದಂತೆ ಕಂಡಿತು. ಒರಳಿನ ಗುಂಡಿಯಲ್ಲಿ ಮೀನಿನ ಮರಿಗಳು ಸುತ್ತುತ್ತಿದ್ದವು. ದೇವರ ಕೋಣೆಯ ಗಂಟೆ ನೀರೊಳಗೆ ತಾನಾಗಿಯೇ ತೂಗುತ್ತಿತ್ತು. ಚೆಂದವಾಗಿಯೇ ಇತ್ತು, ಅದಕ್ಕೇ ಸಿಟ್ಟು ಬಂತು.

ಲೋಟ ಕೆಳಗಿಟ್ಟು ಹೊರಟವನು ಬೇಲಿಯ ಹತ್ತಿರ ನಿಂತ. ಜೊತೆಯವರಿಗೆ ಕೇಳಿಸದ ಹಾಗೆ ಹೇಳಿದ: "ಅಮ್ಮ, ಮಳೆಗೆ ಮುಂಚೆ ಪಾತ್ರೆ ಪಡಗ ಎಲ್ಲ ಗುಡ್ಡದ ಕಡೆ ಸಾಗಿಸಿಬಿಡಿ."

ಈ ಸಲ ಗ್ಯಾರಂಟಿ ಅನ್ನಲಿಲ್ಲ. ಹಾಗಾಗಿ ನಂಬಿದೆ. ಮೊದಲು ಆ ಚಾಪೆಯನ್ನೇ ಸುತ್ತಿ ಕಟ್ಟಿದೆ.