ಕುರುಬರಹಳ್ಳಿ ಲೈನಿನ ನೀಲಮ್ಮ

ನೀಲಮ್ಮನಿಗೆ ಮೊದಮೊದಲು ಪೇಪರ್ ಹಾಕಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಕೆಂಪು ಅಕ್ಷರದ ಹೆಸರಿನದು ಮೇಷ್ಟರ ಮನೆಗೆ, ನೀಲಿ ಪಟ್ಟಿಯದು ಮೂಲೆ ಮನೆಗೆ, ಇಂಗ್ಲಿಷಿನದು ಮಹಡಿ ಮನೆಗೆ ಎಂದು ಬಣ್ಣದ ಮೇಲೆಯೇ ಗುರುತಿಟ್ಟುಕೊಂಡಿದ್ದಳು. ಅವಳ ಗಂಡ ದೊಡ್ಡಹನುಮಯ್ಯ ದುಡಿಯುತ್ತಿದ್ದ ರಾಜಾಜಿನಗರದ ಬೋಲ್ಟ್ ಕಾರ್ಖಾನೆ ಮುಚ್ಚಿದ ವರ್ಷ ಅದು. ಅವನು ಕುರುಬರಹಳ್ಳಿಯಲ್ಲಿ ಪೇಪರ್ ಲೈನ್ ಹಿಡಿದ. ಒಬ್ಬರೇ ಹಾಕುವ ಮನೆಗಳ ಸಾಲಿಗೆ ಈ ಕಸುಬಿನಲ್ಲಿ ಲೈನ್ ಎನ್ನುತ್ತಾರೆ. ಇನ್ನೂರ ಎಂಬತ್ತು ಮನೆ. ಒಬ್ಬನಿಂದ ಆಗದೆ ಅರ್ಧ ಹೆಂಡತಿಗೆ ಬಂತು.

ಒಂದು ದಿನ ಕೆಂಪು ಹೆಸರಿನ ಪೇಪರ್ ಯಾವುದೋ ಹಬ್ಬಕ್ಕೆ ಹಸಿರಾಗಿ ಅಚ್ಚಾಗಿ ಬಂತು. ನೀಲಮ್ಮ ಹನ್ನೊಂದು ಮನೆಗೆ ತಪ್ಪು ಪೇಪರ್ ಹಾಕಿದಳು. ಬೈಸಿಕೊಂಡಿದ್ದಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಚಿಕ್ಕಂದಿನಲ್ಲಿ ಎರಡನೇ ಕ್ಲಾಸಿಗೆ ಬಿಟ್ಟ ಅಕ್ಷರಗಳನ್ನು ಅವತ್ತಿನಿಂದ ಮತ್ತೆ ಹಿಡಿದಳು. ಉಳಿದ ಒಂದು ಪೇಪರನ್ನು ಮನೆಗೆ ತಂದು, ಅಕ್ಕಿ ಆರಿಸುವ ಹಾಗೆ ಒಂದೊಂದೇ ಅಕ್ಷರ ಆರಿಸುತ್ತಾ ಕೂತಳು. ಐದನೇ ತಿಂಗಳಲ್ಲಿ, ಒಳಪುಟದ ಮೂಲೆಯಲ್ಲಿ, ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಪದ 'ಕುರುಬರಹಳ್ಳಿ'. ಅವತ್ತು ಕರೆಂಟ್ ಹೋಗುವ ಬಡಾವಣೆಗಳ ಪಟ್ಟಿ ಅದು. ಅವಳು ವಠಾರದ ಬಾಗಿಲುಗಳನ್ನೆಲ್ಲ ಬಡಿದಳು. "ಮೋಟಾರ್ ಹಾಕ್ಕೊಳ್ರೇ, ಹತ್ತು ಗಂಟೆಗೆ ಕರೆಂಟ್ ಹೋಗುತ್ತೆ! ಪೇಪರಲ್ಲಿ ಬಂದಿದೆ, ನಾನೇ ಓದಿದೆ!"

ಹತ್ತಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಬಿಂದಿಗೆ ತುಂಬಿಟ್ಟುಕೊಂಡವರು ವಾರವಿಡೀ ಅವಳನ್ನು ಹೊಗಳಿದರು.

ಗಂಡನ ಮಂಡಿ ಸೋತ ಮೇಲೆ ಇಡೀ ಲೈನ್ ಅವಳದಾಯಿತು. ಹಳೇ ಸ್ಕೂಟಿಯೊಂದನ್ನು ಕೊಂಡಳು. ಎರಡನೇ ಮಹಡಿಯ ಬಾಲ್ಕನಿಗೆ, ಹೂಕುಂಡಕ್ಕೆ ತಗುಲದ ಹಾಗೆ ಪೇಪರ್ ಎಸೆಯುವುದರಲ್ಲಿ ಆ ಕಡೆ ಅವಳನ್ನು ಮೀರಿಸಿದವರಿರಲಿಲ್ಲ.

ಆಮೇಲೆ ಕೊರೊನಾ ಬಂತು. ಪೇಪರಿನಲ್ಲಿ ವೈರಸ್ ಇರುತ್ತದೆ ಎಂದು ಯಾರೋ ಫೋನಿನಲ್ಲಿ ಹಬ್ಬಿಸಿದರು. ಒಂದೇ ವಾರದಲ್ಲಿ ನೂರಕ್ಕೂ ಹೆಚ್ಚು ಮನೆಯವರು ಬೇಡವೆಂದರು. ಕಾಯಿಲೆ ಹೋದ ಮೇಲೂ ಹೆಚ್ಚಿನವರು ತಿರುಗಿ ಬರಲಿಲ್ಲ. ಬೆಳಗ್ಗೆ ಕಾಫಿ ಜೊತೆ ಫೋನ್ ನೋಡುವುದು ಅಷ್ಟರಲ್ಲಿ ಅಭ್ಯಾಸವಾಗಿತ್ತು. ಹಳೇ ಮನೆಗಳು ಒಡೆದು ಅಪಾರ್ಟ್‌ಮೆಂಟ್ ಆದ ಕಡೆ ಗೇಟಿನಲ್ಲೇ ತಡೆದರು. ಎರಡು ವರ್ಷದ ಹಿಂದೆ ಲೆಕ್ಕ ಹಾಕಿದರೆ ಉಳಿದದ್ದು ನಲವತ್ತಾರು ಮನೆ.

ಅದರಲ್ಲೊಂದು ವೆಂಕಟರಮಣಪ್ಪನವರದು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಇಪ್ಪತ್ತು ವರ್ಷದಿಂದ ಗೇಟಿನ ಹತ್ತಿರ ನಿಂತು ಪೇಪರನ್ನು ಕೈಗೇ ಇಸಿದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಕೈ ಚಾಚಲಿಲ್ಲ.

"ನಾಳೆಯಿಂದ ಬೇಡ ನೀಲಮ್ಮ," ಎಂದರು.

"ಯಾಕೆ ಸಾರ್? ಲೇಟಾಯ್ತಾ? ಮಳೆಗೆ ನೆಂದಿತ್ತಾ?"

"ನಿನ್ನ ತಪ್ಪೇನಿಲ್ಲ ಕಣಮ್ಮ. ಪೇಪರಿನ ಅಕ್ಷರ ಕಾಣ್ತಾ ಇಲ್ಲ. ಆಪರೇಷನ್ ಆದ್ರೂ ಅಷ್ಟಕ್ಕಷ್ಟೇ." ಜೇಬಿನಿಂದ ಫೋನ್ ತೆಗೆದು, ಎರಡು ಬೆರಳಿನಲ್ಲಿ ಸುದ್ದಿಯೊಂದನ್ನು ಹಿಗ್ಗಿಸಿ ತೋರಿಸಿದರು. ಅಕ್ಷರ ಒಂದೊಂದೂ ಅವರೆಕಾಳಿನಷ್ಟು ದಪ್ಪಗಿತ್ತು. "ಹಿಂಗಾದ್ರೆ ಓದಬಹುದು. ಮೊಮ್ಮಗಳು ಹೇಳಿಕೊಟ್ಟಳು."

ಅಕ್ಷರ ಕಾಣದ ಕಷ್ಟ ನೀಲಮ್ಮನಿಗೆ ಗೊತ್ತಿತ್ತು. "ಓದಿ ಸಾರ್. ಓದೋದು ಬಿಡಬೇಡಿ," ಎಂದು ಸ್ಕೂಟಿ ಹತ್ತಿದಳು. ಮುಂದಿನ ಮೂರು ಮನೆ ಪೇಪರ್ ಹಾಕದೆ ದಾಟಿ ಹೋಗಿ, ಮತ್ತೆ ತಿರುಗಿ ಬರಬೇಕಾಯಿತು.

ಆ ತಿಂಗಳ ಕೊನೆಗೆ ಏಜೆಂಟ್ ರಾಜೇಂದ್ರ ಅವಳನ್ನು ಕರೆದ. ಕುರುಬರಹಳ್ಳಿ ಸರ್ಕಲ್ಲಿನ ಮುಚ್ಚಿದ ಅಂಗಡಿಗಳ ಮುಂದೆ ಪೇಪರ್ ವ್ಯಾನ್ ಬಂದು ನಿಲ್ಲುತ್ತಿದ್ದುದು ಅವನ ಹೆಸರಿಗೆ.

"ಅಕ್ಕ, ಇಲ್ಲಿಗೆ ಇನ್ಮೇಲೆ ವ್ಯಾನ್ ಬರಲ್ವಂತೆ. ವ್ಯಾನ್ ತರೋಷ್ಟು ಬಂಡಲ್ ಇಲ್ಲ ಅಂತಾರೆ. ನಾನು ನೀರಿನ ಕ್ಯಾನ್ ಏಜೆನ್ಸಿ ತಗೊಂಡೆ. ನಿಮಗೂ ಅದರಲ್ಲೇ ಕೆಲಸ ಕೊಡ್ತೀನಿ, ಬನ್ನಿ."

"ಪೇಪರ್ ಎಲ್ಲಿ ಸಿಗುತ್ತೆ ಹಾಗಾದ್ರೆ?"

"ವಿಜಯನಗರದಲ್ಲಿ, ಮೆಟ್ರೋ ಕೆಳಗೆ. ನಲವತ್ತೈದು ಮನೆಗೋಸ್ಕರ ಅಷ್ಟು ದೂರ ಹೋಗ್ತೀರಾ?"

ಮನೆಯಲ್ಲಿ ದೊಡ್ಡಹನುಮಯ್ಯನೂ ಅದನ್ನೇ ಹೇಳಿದ. "ಬಿಟ್ಬಿಡು ಕಣೇ. ನಾವು ಬಿಡೋದಲ್ಲ, ಅದೇ ನಮ್ಮನ್ನ ಬಿಡ್ತಾ ಇದೆ."

"ನಲವತ್ತೈದು ಮನೆಯವರು ಬಿಟ್ಟಿಲ್ವಲ್ಲ," ಎಂದಳು ನೀಲಮ್ಮ.

ಮೊದಲ ದಿನ ವಿಜಯನಗರಕ್ಕೆ ಹೋದಾಗ ನಾಲ್ಕೂವರೆ. ಮೆಟ್ರೋ ಕಂಬಗಳ ನಡುವೆ ಹದಿನೈದಿಪ್ಪತ್ತು ಗಂಡಸರು ಗೋಣಿಚೀಲ ಹಾಸಿಕೊಂಡು, ಪೇಪರಿನೊಳಗೆ ಪುರವಣಿ ತೂರಿಸುತ್ತಾ ಕೂತಿದ್ದರು. ಒಬ್ಬ ತಲೆಯೆತ್ತಿ, "ಅಮ್ಮಾ, ಹೂವಿನ ಮಾರ್ಕೆಟ್ ಆ ಕಡೆ," ಎಂದ. ಎಲ್ಲರೂ ನಕ್ಕರು.

ನೀಲಮ್ಮ ತನ್ನ ಬಂಡಲ್ ಇಸಿದುಕೊಂಡು ಅವನ ಪಕ್ಕದಲ್ಲೇ ಕೂತಳು. ಎಡಗೈ ಪೇಪರ್ ಬಿಚ್ಚಬೇಕು, ಬಲಗೈ ಪುರವಣಿ ತೂರಿಸಬೇಕು, ಮಂಡಿಯಿಂದ ಒತ್ತಿ ಮಡಚಬೇಕು. ಅವನು ಹತ್ತು ಮುಗಿಸುವುದರೊಳಗೆ ಅವಳದು ಹದಿನೇಳಾಗಿತ್ತು.

"ಎಷ್ಟು ವರ್ಷದಿಂದ ಹಾಕ್ತಾ ಇದೀರ ಅಕ್ಕ?" ಎಂದ, ಈಗ ನಗದೆ.

"ನಿಮಗೆ ಮೀಸೆ ಬರೋಕೆ ಮುಂಚಿನಿಂದ," ಎಂದಳು.

ಆದರೆ ಅಲ್ಲಿಂದ ವಾಪಸು ಬಂದು ಲೈನ್ ಮುಗಿಸುವಷ್ಟರಲ್ಲಿ ಮೈ ಹಣ್ಣಾಗುತ್ತಿತ್ತು. ಮೂರು ವಾರಕ್ಕೆ ಅವಳಿಗೂ ಸಾಕೆನಿಸಿತು. ಇನ್ನೊಂದು ತಿಂಗಳು ನೋಡಿ ನಿಲ್ಲಿಸುವುದೆಂದು ಮನಸ್ಸಿನಲ್ಲೇ ಅಂದುಕೊಂಡಳು.

ಹಾಗಂದುಕೊಂಡ ವಾರದಲ್ಲೇ, ಸ್ಕೂಟಿಗೆ ಬಂಡಲ್ ಕಟ್ಟುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು. "ಆಂಟಿ, ಎಕ್ಸ್‌ಟ್ರಾ ಪೇಪರ್ ಇದೆಯಾ?" ಸ್ವೆಟರ್ ಹಾಕಿಕೊಂಡ, ನಿದ್ದೆಗಣ್ಣಿನ ಹುಡುಗಿ. ಹೆಸರು ಸ್ಮೃತಿ ಎಂದಳು. ಹಿರಿಯೂರಿನ ಕಡೆಯವಳು, ಸರ್ಕಾರಿ ಪರೀಕ್ಷೆಗೆ ಓದಲು ಬಂದು ಅಲ್ಲೇ ಪೈಪ್‌ಲೈನ್ ರಸ್ತೆಯ ಪಿಜಿಯಲ್ಲಿದ್ದಳು.

"ಫೋನಲ್ಲಿ ಸಿಗಲ್ವೇನಮ್ಮ?"

"ಸಿಗುತ್ತೆ ಆಂಟಿ. ಫೋನ್ ಕೈಗೆ ಬಂದ್ರೆ ಐದು ನಿಮಿಷಕ್ಕೆ ಪೇಪರ್ ಬಿಟ್ಟು ಇನ್ನೆಲ್ಲೋ ಹೋಗಿರ್ತೀನಿ. ನಮ್ಮ ರೀಡಿಂಗ್ ರೂಮಲ್ಲಿ ಫೋನ್ ಬಾಗಿಲಲ್ಲೇ ಇಸ್ಕೋತಾರೆ. ಪೇಪರ್ ಹಾಕ್ತಿದ್ದ ಅಣ್ಣ ಬರೋದೇ ನಿಲ್ಲಿಸಿದ್ರು. ನೀವು ಹಾಕ್ತೀರಾ?"

ಅವತ್ತು ಲೈನ್ ಮುಗಿಸಿ ನೀಲಮ್ಮ ಆ ರೀಡಿಂಗ್ ರೂಮ್ ಹುಡುಕಿಕೊಂಡು ಹೋದಳು. ಬೇಕರಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಅರವತ್ತು ಮಂದಿ ತಲೆ ತಗ್ಗಿಸಿ ಕೂತಿದ್ದರು. ಹಾಳೆ ಮಗುಚಿದರೂ ಕೇಳುವಂಥ ಮೌನ. ಮೇಜಿನ ಮೇಲೆ ವಾರದ ಹಿಂದಿನ ಪೇಪರೊಂದು ಕೈಯಿಂದ ಕೈಗೆ ಹೋಗಿ ಹೋಗಿ ಬಟ್ಟೆಯಂತೆ ಮೆತ್ತಗಾಗಿತ್ತು. ನೀಲಮ್ಮ ಅದನ್ನು ಮುಟ್ಟಿ ನೋಡಿದಳು. ಇಷ್ಟು ವರ್ಷದಲ್ಲಿ ಅಷ್ಟು ಜನ ಓದಿದ ಒಂದು ಪೇಪರನ್ನು ಅವಳು ಕಂಡಿರಲಿಲ್ಲ.

ಮಾರನೆಯ ದಿನದಿಂದ ಅಲ್ಲಿಗೆ ಆರು ಪೇಪರ್. ತಿಂಗಳೊಳಗೆ ಆ ರಸ್ತೆಯ ಇನ್ನೂ ನಾಲ್ಕು ರೀಡಿಂಗ್ ರೂಮು, ಮೂರು ಪಿಜಿ ಸೇರಿದವು. ಕುರುಬರಹಳ್ಳಿಯ ಮನೆಗಳು ಒಂದೊಂದೇ ಕಡಿಮೆಯಾಗಿ ಈಗ ಮೂವತ್ತೊಂದಕ್ಕೆ ಬಂದಿವೆ. ವಿಜಯನಗರದಲ್ಲಿ ಅರವತ್ತರ ಮೇಲೆ ಪೇಪರ್ ಹೋಗುತ್ತವೆ. ಅದೂ ಸ್ಥಿರವಲ್ಲ. ಪರೀಕ್ಷೆ ಮುಗಿದ ತಿಂಗಳು ಅರ್ಧ ಕುರ್ಚಿ ಖಾಲಿ. ಸ್ಮೃತಿ ಮೊದಲ ಸಲ ಪಾಸಾಗಲಿಲ್ಲ. ಊರಿಗೆ ಹೋಗಿ ಎರಡು ತಿಂಗಳಿದ್ದು ತಿರುಗಿ ಬಂದಳು. ಬಂದ ಬೆಳಿಗ್ಗೆ ಎಂದಿನಂತೆ ಕೈ ಚಾಚಿದಳು. ನೀಲಮ್ಮ ಪೇಪರ್ ಕೊಟ್ಟಳು.

ದೊಡ್ಡಹನುಮಯ್ಯ ಈಗ ಬೆಳಗಿನ ತಿಂಡಿಯ ಜವಾಬ್ದಾರಿ ಹೊತ್ತಿದ್ದಾನೆ. ಅವನ ಉಪ್ಪಿಟ್ಟಿಗೆ ಉಪ್ಪು ಯಾವತ್ತೂ ಒಂದು ಹಿಡಿ ಮುಂದೆ. ಮೊನ್ನೆ ತಟ್ಟೆ ಇಡುತ್ತಾ ಕೇಳಿದ: "ಆ ಹುಡುಗರೂ ಒಂದಿನ ಫೋನಲ್ಲೇ ಓದ್ತೀವಿ ಅಂದ್ರೆ?"

"ಅಂದಾಗ ನೋಡೋಣ," ಎಂದಳು ನೀಲಮ್ಮ. "ನಾಳೆ ಇನ್ನೊಂದು ಪಿಜಿ ಸೇರ್ತಾ ಇದೆ, ಅರ್ಧ ಗಂಟೆ ಬೇಗ ಹೊರಡ್ಬೇಕು. ಕಾಫಿ ಫ್ಲಾಸ್ಕಿಗೆ ಹಾಕಿಡಿ."