ಟೋರ್ಕಾಸಾ ತೊರೆಯ ಮೀನು ಎಣಿಸಿದಾಕೆ

ಐವತ್ತೇಳನೆಯ ವಯಸ್ಸಿನವರೆಗೆ ದ್ರಾಕ್ಷಾಯಣಿ ಮೀನು ಮುಟ್ಟಿದವರಲ್ಲ. ಗದಗಿನ ತವರಿನಲ್ಲಿ ಅದರ ಮಾತೇ ಇರಲಿಲ್ಲ. ಲಾಸ್ ಏಂಜಲೀಸ್ ಹತ್ತಿರದ ರೆಡೊಂಡೊ ಬೀಚಿನಲ್ಲಿ ಇಪ್ಪತ್ತಾರು ವರ್ಷ ಸಮುದ್ರದ ಮಗ್ಗುಲಲ್ಲೇ ಕಳೆದರೂ, ನೀರಿನೊಳಕ್ಕೆ ಚಾಚಿದ ಪಿಯರ್ ಕಟ್ಟೆಯ ಮೇಲೆ ಗಾಳ ಹಾಕಿ ಕೂತವರ ಬಕೆಟ್ ದಾಟುವಾಗ ಮೂಗಿಗೆ ದುಪಟ್ಟಾ ಹಿಡಿಯುತ್ತಿದ್ದರು. ಅವರ ಕೆಲಸವೇ ಬೇರೆ. ಉಪಗ್ರಹದ ಭಾಗಗಳನ್ನು ದೊಡ್ಡ ಉಕ್ಕಿನ ಕೋಣೆಯೊಳಗಿಟ್ಟು, ಗಾಳಿ ತೆಗೆದು, ಕಾಯಿಸಿ, ತಣಿಸಿ, ಯಾವ ಮೂಲೆ ಎಷ್ಟು ಬಿಸಿಯಾಗುತ್ತದೆ ಎಂದು ಅಳೆಯುವುದು. ಅರ್ಧ ಡಿಗ್ರಿ ತಪ್ಪಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

2020ರ ಬೇಸಿಗೆಯಲ್ಲಿ, ಕೋವಿಡ್ಡಿನಿಂದಾಗಿ ಮನೆಯಲ್ಲೇ ಕೂತು ಬೇಸತ್ತು, ಗಂಡ ಕರಿಬಸಪ್ಪನನ್ನು ಕರೆದುಕೊಂಡು ಒಂದು ಶನಿವಾರ ಸ್ಯಾನ್ ಗೇಬ್ರಿಯಲ್ ಬೆಟ್ಟದ ಕಡೆ ಹೊರಟರು. ಫ್ರೀವೇ ಹೆದ್ದಾರಿ ಬಿಟ್ಟು ಮುಕ್ಕಾಲು ತಾಸು ಹತ್ತಿದ ಮೇಲೆ ಟೋರ್ಕಾಸಾ ಎಂಬ ಸಣ್ಣ ತೊರೆ ಸಿಕ್ಕಿತು. ಲಾಸ್ ಏಂಜಲೀಸ್‌ನಲ್ಲಿ ಹೊಳೆ ಎಂದರೆ ಸಿಮೆಂಟಿನ ದೊಡ್ಡ ಗಟಾರ ಎಂದೇ ಅವರು ತಿಳಿದಿದ್ದರು. ಇಲ್ಲಿ ನೋಡಿದರೆ ಮರಗಳ ನೆರಳು, ಉರುಟು ಬಂಡೆಗಳು, ಗಾಜಿನಂಥ ನೀರು. ಮೊಣಕಾಲುದ್ದ ನೀರಿನಲ್ಲಿ ಒಬ್ಬ ಮುದುಕ ಕಡ್ಡಿಯಂಥ ಕೋಲು ಹಿಡಿದು ನಿಂತಿದ್ದ. ಕೋಲು ಬಾಗಿತು. ಮುದುಕ ಕೈ ತೋಯಿಸಿಕೊಂಡು ಮೀನನ್ನು ನೀರಿನಲ್ಲೇ ಎತ್ತಿ ಹಿಡಿದ. ಗೇಣುದ್ದದ್ದು, ಬೆನ್ನ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ, ಮೈಬದಿಗೆ ಕುಂಕುಮ ಕದಡಿದಂಥ ಪಟ್ಟಿ. ಎರಡು ಕ್ಷಣ ನೋಡಿದ, ಬಿಟ್ಟುಬಿಟ್ಟ.

ದ್ರಾಕ್ಷಾಯಣಿಗೆ ತಡೆಯಲಿಲ್ಲ. "ಬಿಡೋದಿದ್ದರೆ ಹಿಡಿಯೋದು ಯಾಕೆ?"

"ಇನ್ನೂ ಇದೆಯಾ ಅಂತ ನೋಡೋದಕ್ಕೆ," ಎಂದ ಮುದುಕ.

ಆತನ ಹೆಸರು ವರ್ನನ್. ಎಪ್ಪತ್ತೆಂಟು ವರ್ಷ. ಲೇತ್ ಮೆಷಿನ್ ಮೇಲೆ ದುಡಿದು ನಿವೃತ್ತನಾದವನು. ಹುಟ್ಟಿದ್ದು ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ. ಅಲ್ಲಿ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬ್ರೂಕ್ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುತ್ತಿದ್ದನಂತೆ. ಹಸಿರು ಬೆನ್ನು, ಪಕ್ಕೆಯಲ್ಲಿ ನೀಲಿ ಉಂಗುರದೊಳಗೆ ಕೆಂಪು ಚುಕ್ಕೆ, ರೆಕ್ಕೆಗೆ ಬಿಳಿ ಅಂಚು. "ಹನ್ನೆರಡನೇ ವಯಸ್ಸಿಗೆ ಮೇಲಿನ ಕಲ್ಲಿದ್ದಲು ಗಣಿಯ ನೀರು ಬಿಟ್ಟರು. ತೊರೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಆಮೇಲೆ ಒಂದೂ ಕಾಣಲಿಲ್ಲ," ಎಂದ. ಈ ಪಶ್ಚಿಮಕ್ಕೆ ಬಂದು ಟೋರ್ಕಾಸಾ ಕಂಡಾಗ ಹನ್ನೊಂದು ಮಡುಗಳಲ್ಲಿ ಕೆಂಪು ಪಟ್ಟಿಯ ಈ ಬೇರೆ ಬಗೆಯ ಟ್ರೌಟ್ ಇದ್ದವು. ಈಗ ಮೂರರಲ್ಲಿ. ಕೆಳಗೆ ಅಣೆಕಟ್ಟು, ಮೇಲೆ ಬಿಸಿಲು, ನಡುವೆ ಮಳೆಯಿಲ್ಲದ ವರ್ಷಗಳು.

"ಈ ಮೀನು ಯಾವುದು ಗೊತ್ತಾ?" ಎಂದು ಆತ ಕೇಳಿದ. "ಅಣೆಕಟ್ಟು ಕಟ್ಟೋ ಮೊದಲು ಇದರ ಅಜ್ಜ ಮುತ್ತಜ್ಜರು ಇಲ್ಲಿಂದ ಸಮುದ್ರಕ್ಕೆ ಹೋಗಿ, ತೋಳುದ್ದ ಬೆಳೆದು, ಬೆಳ್ಳಿ ಬಣ್ಣ ತಾಳಿ, ಮೊಟ್ಟೆ ಇಡೋದಕ್ಕೆ ಇದೇ ಬೆಟ್ಟಕ್ಕೆ ವಾಪಸ್ ಬರ್ತಿದ್ದವು. ದಾರಿ ಮುಚ್ಚಿತು. ಉಳಿದವು ಇಲ್ಲೇ ಗೇಣುದ್ದ ಆಗಿ ಬದುಕಿವೆ."

ದ್ರಾಕ್ಷಾಯಣಿ ಬಾಗಿ ಮಡುವನ್ನೇ ನೋಡಿದರು. ತಾವು ಮನೆ ಮಾಡಿಕೊಂಡ ಅದೇ ಸಮುದ್ರ. ಮೂವತ್ತು ಮೈಲು ಉದ್ದ ಊರು, ಫ್ರೀವೇ, ಗೋಡೌನು, ಇಷ್ಟೆಲ್ಲ ಅಡ್ಡ ಬಿದ್ದಿರುವಾಗ, ಸಮುದ್ರದ ಮೀನೊಂದು ಇಲ್ಲಿ ಬೆಟ್ಟದ ಬುಡದಲ್ಲಿ ಸದ್ದಿಲ್ಲದೆ ಕೂತಿದೆ!

ಮರುವಾರ ಅವರು ಒಬ್ಬರೇ ಹೋದರು. ಆಮೇಲೆ ಆರು ಉಷ್ಣಮಾಪಕ ತರಿಸಿದರು. ಬೆರಳುದ್ದದ ಡಬ್ಬಿ; ತಾಸಿಗೊಮ್ಮೆ ನೀರಿನ ಬಿಸಿ ಅಳೆದು ತಾನೇ ಬರೆದಿಟ್ಟುಕೊಳ್ಳುತ್ತದೆ. ಅನುಮತಿಗೆ ಅಪ್ಲೈ ಮಾಡಿ, ಮೀನುಗಾರಿಕೆ ಇಲಾಖೆಯ ಜೀವಶಾಸ್ತ್ರಜ್ಞೆ ಮಾರಿಸೋಲ್ ಎಂಬಾಕೆಯ ಒಪ್ಪಿಗೆ ಪಡೆದು, ಆರು ಮಡುಗಳಲ್ಲಿ ಒಂದೊಂದನ್ನು ಕಲ್ಲಿಗೆ ಕಟ್ಟಿದರು. ನೀರು ಇಪ್ಪತ್ತೊಂದು ಡಿಗ್ರಿ ದಾಟಿದರೆ ಟ್ರೌಟಿಗೆ ಉಸಿರು ಕಟ್ಟುತ್ತದೆ, ಇಪ್ಪತ್ತೈದಕ್ಕೆ ಜೀವವೇ ಉಳಿಯುವುದು ಕಷ್ಟ ಎಂದು ಮಾರಿಸೋಲ್ ಹೇಳಿದ್ದಳು. ಮೀನಿಗೆ ಗಾಯವಾಗದಂತೆ ಗಾಳದ ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡುವುದನ್ನು ವರ್ನನ್ ಕಲಿಸಿದ. ಅವರ ಹೆಸರು ಮಾತ್ರ ಆತನ ನಾಲಿಗೆಗೆ ಕೊನೆಗೂ ಹೊರಳಲಿಲ್ಲ. 'ಶಾಯ್ನಿ' ಎಂದು ಕರೆದ.

"ಶಾಣ್ಯಾಕಿ ಅಂತಾನೇನ?" ಎಂದು ಕರಿಬಸಪ್ಪ ನಕ್ಕ. ಆಮೇಲೆ ನಗು ನಿಲ್ಲಿಸಿ, "ಅಲ್ಲ, ಕೊರಳಾಗ ಲಿಂಗ ಕಟ್ಟಿಕೊಂಡಾಕಿ ನೀ, ಮೀನಿನ ಬೆನ್ನ ಹತ್ತಿದ್ದು ಸರಿ ಏನ?"

"ತಿನ್ನಾಕ ಹೊಂಟಿಲ್ಲರೀ. ಉಳದಾವೋ ಇಲ್ಲೋ ನೋಡಾಕ ಹೊಂಟೀನಿ."

ಸೆಪ್ಟೆಂಬರಿನಲ್ಲಿ ಬೆಟ್ಟಕ್ಕೆ ಬೆಂಕಿ ಬಿತ್ತು. ವಾರಗಟ್ಟಲೆ ರೆಡೊಂಡೊ ಬೀಚಿನ ಕಾರುಗಳ ಮೇಲೂ ಬೂದಿ ಉದುರಿತು. ಟೋರ್ಕಾಸಾದ ಎರಡೂ ದಂಡೆ ಸುಟ್ಟು ಕರಕಾದವು. ಮೀನು ಬೆಂಕಿಗೆ ಸಾಯಲಿಲ್ಲ. ಸಾವು ಬರಬೇಕಿದ್ದದ್ದು ಮಳೆಯಿಂದ. ಬೇರು ಸುಟ್ಟ ಬೆಟ್ಟ ಮೊದಲ ಮಳೆಗೇ ಕರಗಿ, ಬೂದಿ, ಕೆಸರು, ಬಂಡೆ ಎಲ್ಲ ಸೇರಿ ಮಡುಗಳನ್ನು ಮುಚ್ಚಿಬಿಡುತ್ತದೆ. ಅಷ್ಟರೊಳಗೆ ಸಿಕ್ಕಷ್ಟು ಮೀನನ್ನು ಬೇರೆ ಕಣಿವೆಗೆ ಸಾಗಿಸಲು ಇಲಾಖೆ ಸ್ವಯಂಸೇವಕರನ್ನು ಕರೆಯಿತು. ದ್ರಾಕ್ಷಾಯಣಿ ಹೋದರು.

ಮಾರಿಸೋಲಳ ತಂಡ ನೀರಿಗೆ ಸಣ್ಣಗೆ ವಿದ್ಯುತ್ ಹರಿಸಿ, ಮಂಪರು ಬಂದ ಮೀನುಗಳನ್ನು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಬಿಡುತ್ತಿತ್ತು. ಒಂದು ಮೀನು ಬಲೆ ತಪ್ಪಿ ಕಲ್ಲಿನ ಮೇಲೆ ಬಿತ್ತು. ಹತ್ತಿರ ಬೇರೆ ಯಾರೂ ಇರಲಿಲ್ಲ. ದ್ರಾಕ್ಷಾಯಣಿ ಕೈ ತೋಯಿಸಿಕೊಂಡು ಎರಡೂ ಅಂಗೈಯಲ್ಲಿ ಅದನ್ನು ಎತ್ತಿದರು. ತಣ್ಣಗಿತ್ತು, ನುಣುಪಾಗಿತ್ತು, ಎಣಿಸಿದ್ದಕ್ಕಿಂತ ಹಗುರಾಗಿತ್ತು. ಬೆರಳ ಕೆಳಗೆ ಏನೋ ಟಿಕ್ ಟಿಕ್ ಎನ್ನುತ್ತಿತ್ತು. ಅದರ ಗುಂಡಿಗೆಯೋ, ತಮ್ಮ ನಾಡಿಯೋ, ತಿಳಿಯಲಿಲ್ಲ. ಬಕೆಟ್ಟಿಗೆ ಬಿಟ್ಟ ಮೇಲೂ ಅಂಗೈ ಒರೆಸಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ.

ಒಟ್ಟು ನೂರಾ ನಲವತ್ತೆರಡು. ಆಕ್ಸಿಜನ್ ಗುಳ್ಳೆ ಬಿಡುವ ಬಕೆಟ್ಟುಗಳನ್ನು ಎರಡು ಮೈಲು ಬೂದಿಯಲ್ಲಿ ಹೊತ್ತು ಟ್ರಕ್ಕಿಗೆ ಏರಿಸಿದರು. ವರ್ನನ್ ಮಂಡಿನೋವಿನಿಂದ ಟ್ರಕ್ಕಿನ ಹತ್ತಿರವೇ ನಿಂತು ಒಂದೊಂದೇ ಬಕೆಟ್ಟಿನ ಮುಚ್ಚಳ ಎತ್ತಿ ನೋಡಿದ.

ಮಳೆ ಬಂತು. ಅಂಜಿದಂತೆಯೇ ಆಯಿತು. 2023ರ ಚಳಿಗಾಲದಲ್ಲಂತೂ ಬಿಡದೆ ಸುರಿದು, ಹನ್ನೊಂದು ಮಡುಗಳಿದ್ದ ಜಾಗ ಜಲ್ಲಿಯ ರಸ್ತೆಯಂತೆ ಸಪಾಟಾಯಿತು. ಆರೂ ಉಷ್ಣಮಾಪಕ ಕೊಚ್ಚಿ ಹೋದವು. ಅಷ್ಟರಲ್ಲಿ ದ್ರಾಕ್ಷಾಯಣಿ ಕೆಲಸದಿಂದ ನಿವೃತ್ತರಾಗಿದ್ದರು; ಹೊಸ ಆರು ತಂದು ಕಟ್ಟಿದರು. ಮೀನು ಎಣಿಸುವ ವಹಿಯಲ್ಲಿ ತಿಂಗಳು ತಿಂಗಳೂ ಸೊನ್ನೆ ಬರೆದರು. ಭಾರತೀಯ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಸಾಮಾನಿಗೆ ಹೋದಾಗ ಪರಿಚಯದವರು ಕೇಳುತ್ತಿದ್ದರು, "ಆಂಟಿ, ಮೀನಿಲ್ಲದ ನೀರನ್ನ ಯಾಕೆ ಅಳೀತೀರ?" ಅವರು ಸಾಮಾನಿನ ಚೀಲ ಎತ್ತಿಕೊಂಡು ಹೊರಡುತ್ತಿದ್ದರು. ಸಾಗಿಸಿದ ಮೀನುಗಳು ಆ ಕಣಿವೆಯಲ್ಲಿ ಮರಿ ಮಾಡಿವೆ ಎಂಬ ಸುದ್ದಿಯೊಂದೇ ಸಮಾಧಾನ.

2025ರ ಜನವರಿಯಲ್ಲಿ ಆ ಕಣಿವೆಯೂ ಸುಟ್ಟಿತು. ಫೆಬ್ರವರಿಯ ಮಳೆಗೆ ಅದೂ ಮುಚ್ಚಿಹೋಯಿತು. ಮಾರಿಸೋಲ್ ಫೋನಿನಲ್ಲಿ ಹೇಳಿದಳು: "ಈ ಸಲ ಒಳಗೆ ಹೋಗೋದಕ್ಕೇ ಆಗಲಿಲ್ಲ. ಟೋರ್ಕಾಸಾ ತಳಿ ಮುಗೀತು ಅಂತ ಬರೀಬೇಕಾಗುತ್ತೆ." ದ್ರಾಕ್ಷಾಯಣಿ ಫೋನಿಟ್ಟು ಅಡುಗೆಮನೆಯಲ್ಲಿ ವಹಿ ತೆರೆದು ಕೂತರು. ಒಲೆಯ ಮೇಲಿನ ಬೇಳೆ ತಳ ಹತ್ತಿ ವಾಸನೆ ಬಂದರೂ ಅವರಿಗೆ ಗೊತ್ತಾಗಲಿಲ್ಲ. ಕರಿಬಸಪ್ಪ ಬಂದು ಒಲೆ ಆರಿಸಿದ.

ಆದರೂ ಆಗಸ್ಟಿನಲ್ಲಿ ಅಳತೆ ತೆಗೆಯಲು ಹೋದರು. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಗುಣ ಅವರದಲ್ಲ. ಅಂಕಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ ನೋಡಿದರೆ ಕೆಳಗಿನ ಐದೂ ಕಡೆ ಇಪ್ಪತ್ನಾಲ್ಕು ಡಿಗ್ರಿ. ಎಲ್ಲಕ್ಕಿಂತ ಮೇಲಿನದು, ತೊರೆಯ ಮೇಲ್ತುದಿಯ ಜಲಪಾತಕ್ಕೆ ಮುಂಚಿನ ತಿರುವಿಗೆ ಆ ವರ್ಷವಷ್ಟೇ ಸರಿಸಿ ಕಟ್ಟಿದ್ದು, ಹದಿನಾರು. ಮಾಪಕ ಕೆಟ್ಟಿದೆ ಎಂದುಕೊಂಡು ಮರುದಿನ ಇನ್ನೊಂದನ್ನು ಕಟ್ಟಿ, ವಾರ ಬಿಟ್ಟು ತೆಗೆದರು. ಮತ್ತೆ ಹದಿನಾರು. ಹಗಲೂ ಅಷ್ಟೇ, ಇರುಳೂ ಅಷ್ಟೇ.

ಹಗಲಿಗೂ ಇರುಳಿಗೂ ಬದಲಾಗದ ನೀರು ಬಿಸಿಲು ಕಂಡ ನೀರಲ್ಲ. ಮೇಲೆಲ್ಲೋ ನೆಲದಡಿಯಿಂದ ಸೆಲೆ ಉಕ್ಕುತ್ತಿದೆ.

"ಆದರೆ ಜಲಪಾತದ ಮೇಲೆ ಯಾವತ್ತೂ ಮೀನಿರಲಿಲ್ಲ," ಎಂದಳು ಫೋನಿನಲ್ಲಿ ಸುದ್ದಿ ಕೇಳಿದ ಮಾರಿಸೋಲ್. "ಹನ್ನೆರಡು ಅಡಿ ನೇರ ಗೋಡೆ. ಯಾವ ಟ್ರೌಟೂ ಹತ್ತಲ್ಲ."

"ಮೀನಿದೆ ಅಂತ ನಾನು ಹೇಳಿಲ್ಲ. ತಣ್ಣೀರಿದೆ ಅಂತ ಹೇಳ್ತಿದ್ದೀನಿ. ನೋಡಿಕೊಂಡು ಬರೋಣ, ಬನ್ನಿ."

ಬೆಂಕಿಯ ನಂತರ ಆ ತಿರುವು ದಾಟಿ ಮೇಲಕ್ಕೆ ಯಾರೂ ಕಾಲಿಟ್ಟಿರಲಿಲ್ಲ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಇಬ್ಬರೂ ಮುಳ್ಳುಪೊದೆ ಸರಿಸುತ್ತ, ಅರವತ್ತೆರಡರ ದ್ರಾಕ್ಷಾಯಣಿ ಅಲ್ಲಲ್ಲಿ ಅಂಬೆಗಾಲಿಟ್ಟು, ಜಲಪಾತದ ಹತ್ತಿರ ಬಂದರು. ಮಾರಿಸೋಲ್ ಥಟ್ಟನೆ ನಿಂತಳು. ಜಲಪಾತವೇ ಇರಲಿಲ್ಲ. ಮಡುಗಳನ್ನು ಹೂತುಹಾಕಿದ ಅದೇ ಪ್ರವಾಹ, ಮನೆಯಷ್ಟು ದೊಡ್ಡ ಬಂಡೆಗಳನ್ನು ತಂದು ಗೋಡೆಗೆ ಒರಗಿಸಿತ್ತು. ನೇರ ಗೋಡೆಯಿದ್ದಲ್ಲಿ ಈಗ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುತ್ತಿತ್ತು, ಒಂದೊಂದು ಮೆಟ್ಟಿಲಿಗೂ ಒಂದೊಂದು ಪುಟ್ಟ ಗುಂಡಿ.

ಇಬ್ಬರೂ ಬಂಡೆ ಹಿಡಿದು ಹತ್ತಿದರು.

ಮೇಲೆ ಬೆಂಕಿ ಮುಟ್ಟದ ಸಂದು. ಬಂಡೆಯ ಬಿರುಕಿನಿಂದ ಮಣಿಕಟ್ಟಿನ ದಪ್ಪಕ್ಕೆ ನೀರು ಚಿಮ್ಮಿ, ಕೆಳಗೆ ಕೋಣೆಯಗಲದ ಮಡು, ಸುತ್ತ ಜರಿಗಿಡ. ದ್ರಾಕ್ಷಾಯಣಿ ಬಂಡೆಯ ಮೇಲೆ ಬೋರಲಾಗಿ ಮಲಗಿ ತಲೆ ಮುಂದೆ ಚಾಚಿದರು. ಮೊದಲು ಬರೀ ಕಲ್ಲು ಕಂಡಿತು. ಕಣ್ಣು ಹೊಂದಿಕೊಂಡ ಮೇಲೆ ಒಂದು ಕಲ್ಲು ಅಲುಗಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಇಡೀ ತಳವೇ ಜೀವ ತಳೆದ ಹಾಗೆ, ನೀರಿನ ಬರವಿಗೆ ಮುಖ ಕೊಟ್ಟು, ನಿಂತಲ್ಲೇ ಬಾಲ ಆಡಿಸುವ ಟ್ರೌಟ್‌ಗಳು! ಗೇಣುದ್ದದ್ದು, ಬೆರಳುದ್ದದ್ದು, ಅಂಚಿನ ತಿಳಿನೀರಿನಲ್ಲಿ ಕಾಡಿಗೆ ಬೆರಳಿಂದ ಪಕ್ಕೆಗೆ ಒತ್ತಿದಂಥ ಗುರುತುಗಳ ಈ ವರ್ಷದ ಮರಿಗಳು. ಅಂದು ಬಲೆಗೆ ಸಿಗದೆ ಉಳಿದ ಯಾವುವೋ ಒಂದೆರಡು, ಬೂದಿ ಕೆಸರಿನಲ್ಲಿ ಹೇಗೋ ಜೀವ ಹಿಡಿದು, ಗೋಡೆಗೆ ಬಂಡೆ ಒರಗಿದ ಮೇಲೆ ದಾರಿ ಕಂಡು, ಸಾವಿರಾರು ವರ್ಷ ಯಾವ ಮೀನೂ ಮುಟ್ಟದ ನೀರಿಗೆ ಹತ್ತಿ ಬಂದಿದ್ದವು. ಮಡುಗಳನ್ನು ಮುಚ್ಚಿದ ಪ್ರವಾಹವೇ ಅವಕ್ಕೆ ಮೆಟ್ಟಿಲು ಕಟ್ಟಿಕೊಟ್ಟಿತ್ತು.

ದ್ರಾಕ್ಷಾಯಣಿ ಚೀಲದಿಂದ ವಹಿ ತೆಗೆದರು. "ಎಣಿಸ್ತೀನಿ," ಎಂದರು. ಮೂರು ಸಲ ಎಣಿಸಿದರು, ಮೂರು ಸಲವೂ ಲೆಕ್ಕ ತಪ್ಪಿತು. ಕೊನೆಗೆ ಮಾರಿಸೋಲ್ ಎಣಿಸಿದಳು: ಕಂಡದ್ದು ಅರವತ್ತೊಂದು.

ವರ್ನನ್ ಅಷ್ಟರಲ್ಲಿ ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ಮಗಳ ಮನೆ ಸೇರಿದ್ದ. ದ್ರಾಕ್ಷಾಯಣಿ ಫೋನು ಮಾಡಲಿಲ್ಲ. ಎರಡು ತಾಸು ಡ್ರೈವ್ ಮಾಡಿಕೊಂಡೇ ಹೋದರು. ಮೇಲಿನ ಮಡುವಿನಲ್ಲಿ ತೆಗೆದ ವಿಡಿಯೋವನ್ನು ಆತ ಕಣ್ಣಿನ ಹತ್ತಿರ ಹಿಡಿದು ನೋಡಿದ, ಮತ್ತೊಮ್ಮೆ ಹಾಕಿಸಿಕೊಂಡ. ಐವತ್ತು ವರ್ಷ ಆ ಜಲಪಾತದ ಬುಡದಿಂದಲೇ ವಾಪಸಾದವನು.

"ಗೋಡೆಯ ಆಚೆ ಏನಿದೆ ಅಂತ ನಾನು ಒಮ್ಮೆಯೂ ಹತ್ತಿ ನೋಡಲಿಲ್ಲ, ಶಾಯ್ನಿ," ಎಂದ. ಫೋನನ್ನು ವಾಪಸ್ ಕೊಟ್ಟು, "ಅಲ್ಲಿ ಯಾರೂ ಗಾಳ ಹಾಕಬಾರದು. ನಾನೂ ಹಾಕಲ್ಲ," ಎಂದ. ಇನ್ನು ಆತ ಅಲ್ಲಿಗೆ ಹೋಗುವಂತಿರಲಿಲ್ಲ. ಆದರೂ ಆ ಮಾತಿನಲ್ಲಿ ಗೆದ್ದವನ ಗತ್ತಿತ್ತು.

ಕೆಲವು ಮೀನುಗಳ ರೆಕ್ಕೆಯ ಚೂರುಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ಅದು ಹಳೆಯ ಸಮುದ್ರದ ತಳಿಯೇ, ಸಾಕಿ ಬಿಟ್ಟ ಮೀನಲ್ಲ ಎಂದು ಇಲಾಖೆ ಖಾತ್ರಿ ಮಾಡಿಕೊಂಡಿತು. ಜಾಗ ಎಲ್ಲಿ ಎಂದು ಹೊರಗೆ ಯಾರಿಗೂ ಹೇಳಲಿಲ್ಲ. ಕೆಳಗಿನ ತೊರೆ ಇನ್ನೂ ಜಲ್ಲಿಯೇ. ಅದು ಮತ್ತೆ ಮಡುಗಟ್ಟಲು ಎಷ್ಟು ವರ್ಷ ಬೇಕೋ, ಇನ್ನೊಂದು ಬೆಂಕಿ ಯಾವಾಗ ಬೀಳುತ್ತದೋ, ಯಾರಿಗೂ ಗೊತ್ತಿಲ್ಲ.

ಅಕ್ಟೋಬರಿನಲ್ಲಿ, ಮೇಲಿನ ಮಡುವಿಗೆ ತಂದು ಕಟ್ಟಿದ್ದೂ ಸೇರಿ, ಉಷ್ಣಮಾಪಕಗಳ ಬ್ಯಾಟರಿ ಬದಲಿಸಬೇಕಿತ್ತು. ಮಾರಿಸೋಲ್ ಕೆಳಗಿನವುಗಳ ಹತ್ತಿರ ಉಳಿದಳು. ಅವಳ ಒಪ್ಪಿಗೆ ಪಡೆದು, ಸಾಮಾನು ಹೊರಲೆಂದು ಕರಿಬಸಪ್ಪ ಹೆಂಡತಿಯ ಜೊತೆ ಬಂದ. ದಾರಿಯುದ್ದಕ್ಕೂ ಮೊಣಕಾಲಿನ ಬಗ್ಗೆ ಗೊಣಗಿದ. ಮೇಲೆ ಬಂದು ಆಕೆ ಹೇಳಿದಂತೆ ಬಂಡೆಯ ಮೇಲೆ ಬೋರಲಾಗಿ ಮಲಗಿದ.

"ಎಲ್ಲಿ? ಏನೂ ಕಾಣವಲ್ದು."

"ತಡೀರಿ. ನೀರು ನೋಡಬ್ಯಾಡ್ರಿ, ತಳ ನೋಡ್ರಿ."

ಕರಿಬಸಪ್ಪ ತಲೆ ಮುಂದೆ ಚಾಚಿದ. ದ್ರಾಕ್ಷಾಯಣಿ ಬ್ಯಾಟರಿ ಹಾಕಿ, ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, "ಹೋಗೂಣಲ್ಲ? ಬಿಸಲು ಏರ್ತದ," ಎಂದರು.

ಆತ ತಲೆ ಎತ್ತದೆ, ಬೆನ್ನ ಹಿಂದೆ ಕೈಚಾಚಿ ಆಕೆಯ ಮಣಿಕಟ್ಟು ಹಿಡಿದ.

"ಸದ್ದ ಮಾಡಬ್ಯಾಡ," ಎಂದ ಪಿಸುದನಿಯಲ್ಲಿ. "ಹತ್ತೊಂಬತ್ತು ಆಗ್ಯಾವ. ಇನ್ನೂ ಬರಾಕ ಹತ್ಯಾವ."